ಕಿರಣನ ಮೂರು ಮೆಸೇಜು

"ಆ ಕಿರಣ್ ಅನ್ನೋನ ಕೈಕಾಲು ಮುರೀತೀನಿ! ಅದಕ್ಕೂ ಮೊದ್ಲು ಈ ಫೋನನ್ನ ಹಂಡೆ ಒಲೆಗೆ ಹಾಕ್ತೀನಿ. ತತ್ತಾ ಇಲ್ಲಿ!"

ತೋಟಪ್ಪ ಕೂಗಿದ್ದು ಅಡುಗೆಮನೆಗಷ್ಟೇ ಅಲ್ಲ, ಕೆಳಗೆ ಆಳುಗಳಿರುವ ಲೈನಿನ ಆರು ಮನೆಗೂ ಕೇಳಿಸಿತು. ಹೆಗ್ಗದ್ದೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್, ಆಳುಗಳ ಕೆಲಸ ನೋಡಿಕೊಳ್ಳುವವನು. ಕೊಯ್ದು ಮುಗಿಸಿದ ಸಾಲಿಗೆ ಇನ್ನೊಮ್ಮೆ ಹೋಗಿ, ಎಲೆ ಎತ್ತಿ, ಬಿಟ್ಟುಹೋದ ಹಣ್ಣು ಹುಡುಕದೆ ಅವನು ಯಾವ ಆಳನ್ನೂ ನಂಬಿದವನಲ್ಲ. ಹುಡುಕಿದರೆ ಎರಡು ಹಣ್ಣಾದರೂ ಸಿಗುತ್ತಿದ್ದವು. ಏನೂ ಸಿಗದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಮಗಳು ಚೈತ್ರಶ್ರೀ ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಹತ್ತನೆಯ ತರಗತಿ. ಪರೀಕ್ಷೆಗೆ ಇನ್ನು ಹದಿನೆಂಟು ದಿನ. ನಾಜಿಮಾ ಟೀಚರ್ ಕಳಿಸಿದ ಗಣಿತದ ಪಾಠಗಳೆಲ್ಲ ಅದರಲ್ಲೇ ಇದ್ದವು. ಫೋನ್ ಒಲೆಗೆ ಹೋದರೆ ಗಣಿತವೂ ಹೋದಂತೆ.

"ಮೂರು ದಿನಕ್ಕೆ ಮೂರು ಮೆಸೇಜ್ ಹಾಕವ್ನೆ." ತೋಟಪ್ಪ ಒಂದೊಂದಾಗಿ ಬೆರಳು ಮಡಚಿದ. "ಯಾವ ಸ್ಕೂಲು ಅಂತ ಕೇಳವ್ನೆ. ಯೂನಿಫಾರ್ಮಲ್ಲಿ ಒಂದು ಫೋಟೋ ಕಳ್ಸು ಅಂದವ್ನೆ. ಬೆಳಗೋಡಲ್ಲಿ ಬಸ್ ಇಳಿದಾಗ ಸಿಗ್ತೀನಿ ಅಂದವ್ನೆ. ಮೂರನ್ನೂ ಓದವ್ಳೆ ನಿನ್ನ ಮಗಳು! ಓದಿ, ಹೆತ್ತಪ್ಪನಿಗೆ ಒಂದು ಮಾತು ಹೇಳ್ಲಿಲ್ಲ!"

ಹೆಂಡತಿ ಕಲ್ಯಾಣಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅವಳ ಬೆರಳು ಒತ್ತದೆ ಆ ಫೋನ್ ತೆರ್ಕೊಳಲ್ಲ. ಹುಡ್ಗಿ ಮಲಗಿದ್ದಾಗ ಬೆರಳು ಹಿಡ್ದು ಒತ್ತಿ ನೋಡಿದ್ರಾ?"

ತೋಟಪ್ಪ ಮೀಸೆ ಸವರಿಕೊಂಡ.

"ನಾನು ರೈಟರ್ ಕಣೆ. ನಂಗೆ ಎಲ್ಲ ಗೊತ್ತಾಗ್ತದೆ."

"ಎಲ್ಲ ಗೊತ್ತಾಗೋರು ಸ್ಕೂಲಿನ ಸಭೆಗೆ ಬರ್ಬೇಕಿತ್ತು. ಮಕ್ಕಳಿಗೆ ಫೋನ್ ಬಗ್ಗೆ ಹೆಂಗೆ ಹೇಳ್ಕೊಡ್ಬೇಕು ಅಂತ ಟೀಚರ್ ಎರಡು ಗಂಟೆ ಹೇಳಿದ್ರು."

"ನಂಗೆ ಬುದ್ಧಿ ಹೇಳೋಕೆ ಬಂದ ಮೇಷ್ಟ್ರೆಲ್ಲ ಏಳನೇ ಕ್ಲಾಸಲ್ಲೇ ಕೈಮುಗಿದು ಬುಟ್ಟಿದ್ರು."

"ಅದು ಕಾಣ್ತಾ ಐತೆ."

ಚೈತ್ರಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

"ಅಪ್ಪ, ಮೊದಲ್ನೇ ಮೆಸೇಜ್ ಬಂದ ಸಂಜೆನೇ ಅವ್ವಂಗೆ ತೋರ್ಸಿದೀನಿ. ಒಂದಕ್ಕೂ ಉತ್ರ ಕೊಟ್ಟಿಲ್ಲ. ಮೂರನ್ನೂ ಸ್ಕ್ರೀನ್‌ಶಾಟ್ ತೆಗ್ದು ಇಟ್ಕೊಂಡು, ಇವತ್ತು ನಂಬರ್ ಬ್ಲಾಕ್ ಮಾಡಿದೀನಿ."

ತೋಟಪ್ಪನ ಬಾಯಿ ತೆರೆದೇ ಇತ್ತು.

"ಅವ್ವಂಗೆ ಹೇಳಿದೋಳು ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೊದ್ಲು ಕಿತ್ಕೊಳ್ಳೋದು ನನ್ನ ಫೋನನ್ನೇ ಅಲ್ವಾ?"

ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಯಾರೂ ಅದನ್ನು ಮಗುಚಲಿಲ್ಲ. ಮಗಳು ಗಟ್ಟಿಗಿತ್ತಿ ಎಂದು ತೋಟಪ್ಪನಿಗೆ ಒಳಗೊಳಗೇ ಹೆಮ್ಮೆ ಆಗಿತ್ತು. ಆದರೆ ಕೂಗದೆ ಹೆಮ್ಮೆಪಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಆಯ್ತು, ಇಟ್ಕೋ ನಿನ್ನ ಫೋನು," ಎಂದು ಗದರಿದ. "ಓದ್ಕೋ ಹೋಗು. ಇಲ್ಲಿಗೆ ಮುಗೀತು."

"ಎಲ್ಲಿ ಮುಗೀತು?" ಕಲ್ಯಾಣಮ್ಮ ಕರಕಲಾದ ರೊಟ್ಟಿಯನ್ನು ಅವನ ತಟ್ಟೆಗೇ ಹಾಕಿದಳು. "ಮಧ್ಯಾಹ್ನ ನಾನೂ ಟೀಚರೂ ಹೋಗಿ ಪೊಲೀಸ್ರಿಗೆ ದೂರು ಕೊಟ್ಟು ಬಂದ್ವಿ. ಆಧಾರ್ ಇಲ್ದೆ ಸಿಮ್ ಕೊಡಲ್ವಂತೆ. ಅವನ ಹೆಸ್ರು, ಊರು ಎಲ್ಲ ನಾಳೆ ಬೆಳಿಗ್ಗೆ ಸಿಗ್ತದಂತೆ. ಸಿಕ್ಕಿದ ಮೇಲೆ ನೀವೇ ಹೋಗಿ ಅವನ ಕೈಕಾಲು ಮುರೀರಿ. ನಾನು ಬ್ಯಾಡ ಅನ್ನಲ್ಲ."

ತೋಟಪ್ಪ ಎದ್ದು ಚಪ್ಪಲಿ ಹುಡುಕಿದ. ಬಲಗಾಲಿನದು ಎಡಗಾಲಿಗೆ ಹೋಯಿತು.

"ಎಲ್ಲಿಗ್ರೀ? ಊಟ?"

"ಲೈನ್ ಕಡೆ ಹೋಗ್ಬತ್ತೀನಿ."

"ಕೂಗಿದ್ರೆ ಲೈನಿಗೆ ಇಲ್ಲಿಂದ್ಲೇ ಕೇಳ್ತದಲ್ಲ."

ಅವನು ತಿರುಗಿ ನೋಡಲಿಲ್ಲ. ಲೈನಿನ ಕಡೆಗೂ ಹೋಗಲಿಲ್ಲ. ಕಾಫಿ ಸ್ಟೋರಿನ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು, ತನ್ನ ಫೋನಿನ ಬೆನ್ನು ಬಿಚ್ಚಿದ.

ಮಗಳನ್ನು ಪರೀಕ್ಷಿಸಲೆಂದು ಹೋದ ವಾರ ಸಕಲೇಶಪುರದಲ್ಲಿ ತನ್ನದೇ ಆಧಾರ್ ಕೊಟ್ಟು ತಂದು, ಮೂರು ಮೆಸೇಜು ಕಳಿಸಿದ್ದ ಹೊಸ ಸಿಮ್ಮನ್ನು 'ಕಿರಣ್' ಹಲ್ಲಿನಿಂದ ಕಚ್ಚಿ ಎರಡು ತುಂಡು ಮಾಡಿದ; ತೋಟಪ್ಪ ಅಂದು ಊಟಕ್ಕೆ ಮನೆಗೆ ಬರಲೇ ಇಲ್ಲ.