ಮಾವನ ಹಸಿರು ಹೆಬ್ಬೆರಳು

ಅಶ್ಲೀಲ ವಿಡಿಯೊ ನೋಡಿದವರ ಹೆಬ್ಬೆರಳು ನೀಲಿಯಾಗುವುದು, ಮೂರು ದಿನ ನೋಡದಿದ್ದರೆ ತಿಳಿಯಾಗುವುದು ಈಗ ಯಾರಿಗೂ ಸೋಜಿಗವಲ್ಲ. ಆ ನೀಲಿ ಮುಚ್ಚುವ ಗಂಡಸರ ಬೆರಳುಚೀಲ ಹಾವೇರಿ ಪೇಟೆಯಲ್ಲಿ ಕರವಸ್ತ್ರದ ಪಕ್ಕದಲ್ಲೇ ಸಿಗುತ್ತದೆ. ಆದರೆ ನನ್ನ ನೀಲಿಯೇ ಬೇರೆ! ಚೀಲ ಬಿಚ್ಚಿದರೆ ನವಿಲುಗಳು ನಾಚಿ ಊರು ಬಿಟ್ಟಾವು. ಚಟ ಬಿಡುವುದರಲ್ಲೂ ನಾನೇ ಶೂರ. ಸಾವಿರ ಸಲ ಬಿಟ್ಟಿದ್ದೇನೆ. ಮನಸ್ಸು ಬೇಡವೆಂದರೂ ಕೈ ತಾನೇ ಫೋನಿಗೆ ಹೋಗುತ್ತದೆ, ಅಷ್ಟೆ.

ಈ ಸಲ ಬಿಟ್ಟು ನಲವತ್ತು ದಿನವಾಯಿತೆಂದು ಹೆಂಡತಿ ಮಂದಾಕಿನಿಗೆ ಹೇಳಿದ್ದೆ. ಪಾಪ, ಚೀಲ ಬಿಚ್ಚಿಸಿ ನೋಡದೆಯೇ ನಂಬಿದ್ದಳು. ಬೇರೆ ಕೋಣೆಯಲ್ಲಿ ಮಲಗುತ್ತಿದ್ದವಳು ಹಾಸಿಗೆ ಸಮೇತ ಮರಳಿ ಬಂದಿದ್ದಳು.

ಅವಳ ತಮ್ಮನ ಮದುವೆ ಬಂತು. ಅವರ ಮನೆಯ ಪದ್ಧತಿಯಂತೆ ಮದುಮಗನಿಗೆ ಮೊದಲು ಅರಿಶಿಣ ಹಚ್ಚಬೇಕಾದವನು ಅಕ್ಕನ ಗಂಡ, ಅದೂ ಬರಿಗೈಯಲ್ಲಿ. ನಾನು ಬಚ್ಚಲಲ್ಲಿ ಹೆಬ್ಬೆರಳಿಗೆ ದಪ್ಪಗೆ ಅರಿಶಿಣ ಮೆತ್ತಿಕೊಂಡು, ಮೂರು ಲೋಕ ಗೆದ್ದವನಂತೆ ಹೊರಬಂದೆ. ನೀಲಿಗೆ ಹಳದಿ ಸೇರಿದರೆ ಏನಾಗುತ್ತದೆಂದು ಇಷ್ಟು ದೊಡ್ಡ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

“ಮಾವಾರ, ನನಗ ಕೊತ್ತಂಬರಿ ಚಟ್ನಿ ಹಚ್ಚಾಕತ್ತೀರೇನ್ರಿ?” ಎಂದ ಮದುಮಗ. ಹೆಂಗಸರು ಘೊಳ್ಳೆಂದು ನಕ್ಕರು.

ಮಂದಾಕಿನಿ ನಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದು ಕೇಳಿದಳು: “ಖರೇ ಹೇಳ್ರಿ, ನೋಡಿ ಎಷ್ಟು ದಿನ ಆತು?”

ಇನ್ನೂರು ಸುಳ್ಳುಗಳು ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು.

“ಒಂದೂವರೆ ದಿನ,” ಎಂದೆ.

ಅವಳು ಸೆರಗಿನಿಂದ ನನ್ನ ಹೆಬ್ಬೆರಳಿನ ಅರಿಶಿಣ ಒರೆಸಿ ನೀಲಿಯನ್ನು ನೋಡಿದಳು.

“ಇದನ್ನ ನಂಬಬಹುದು,” ಎಂದಳು. “ನಾಳೆ ಮತ್ತ ಕೇಳ್ತೀನಿ. ಹಿಂಗ ಸಣ್ಣ ಲೆಕ್ಕಾನೇ ಹೇಳ್ರಿ, ಉಬ್ಬಿಸಬ್ಯಾಡ್ರಿ.”