ಕಾಲು ಸುತ್ತು ಸಡಿಲ

ಅಡುಗೆಮನೆಯಲ್ಲಿ ನಲ್ಲಿಯ ಸದ್ದು. ಟೀಚರ್ ಲೋಟ ತೊಳೆಯುತ್ತಿದ್ದರು. ಅವನು ಸರಕ್ಕನೆ ಬಗ್ಗಿ, ಅವರ ಹುಲ್ಲು ಕತ್ತರಿಸುವ ಯಂತ್ರದ ಕಾರ್ಬೊರೇಟರಿನ ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದ. ನಲ್ಲಿ ನಿಂತಿತು. ಅಷ್ಟರಲ್ಲಿ ಸ್ಕ್ರೂಡ್ರೈವರ್ ಜೇಬು ಸೇರಿತ್ತು; ಅವನು ಏನೂ ಅರಿಯದವನಂತೆ ಕೈ ಒರೆಸಿಕೊಳ್ಳುತ್ತಿದ್ದ.

ಈಗಷ್ಟೇ ಅವರೆದುರು ಹಗ್ಗ ಎಳೆದು, ಎಂಜಿನ್ ಓಡಿಸಿ ತೋರಿಸಿದ್ದ. ಮನೆಗೆ ಹೋದ ಮೇಲೆ ಅದು ಸ್ವಲ್ಪ ಹೊತ್ತು ಓಡುತ್ತದೆ. ಬಿಸಿಯೇರಿದೊಡನೆ ಕೆಮ್ಮಿ ನಿಂತುಬಿಡುತ್ತದೆ. ಟೀಚರ್ ಮತ್ತೆ ಬರಬೇಕಾಗುತ್ತದೆ. ಬರಲಿ ಎಂದೇ ಈ ಕಳ್ಳಕೆಲಸ.

ಪಂಪಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು ಅವನು. ಹಿತ್ತಲ ಶೆಡ್ಡಿನ ಗೋಡೆಗುಂಟ ಹುಲ್ಲು ಕತ್ತರಿಸುವ ಹಳೆಯ ಯಂತ್ರಗಳ ಸಾಲು. ಕೆಲವು ಗುಜರಿಯಿಂದ ಬಂದವು, ಕೆಲವು ಯಾರೋ ಬೀದಿಗೆ ಎಸೆದವು. ತುಕ್ಕು ಉಜ್ಜಿ, ಬಣ್ಣ ಬಳಿದು, ಸತ್ತ ಎಂಜಿನ್‌ಗೆ ಜೀವ ಬರಿಸುವುದೆಂದರೆ ಅವನಿಗೆ ಊಟ ನಿದ್ದೆ ಬೇಡ. ಹುಲ್ಲಿನ ಗೊಡವೆ ಅವನಿಗಿಲ್ಲ; ಕಿವಿಯೆಲ್ಲ ಎಂಜಿನ್ ಮೇಲೆ. ಭಾನುವಾರ ಒಂದೊಂದನ್ನೇ ಓಡಿಸಿ ಬೀದಿಯವರ ನಿದ್ದೆ ಕೆಡಿಸುತ್ತಿದ್ದುದರಿಂದ ‘ಗುಡುಗಣ್ಣ’ ಎಂಬ ಬಿರುದೂ ಸಿಕ್ಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದವು ಎಂಜಿನ್‌ಗಳು ಮಾತ್ರ.

ಹೀಗಿರುವಾಗ ಟೀಚರ್ ಬಂದಿದ್ದರು. ಮೂರು ಬೀದಿ ಆಚೆ ಮನೆ, ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ಈಗ ಒಬ್ಬರೇ. ತೀರಿಹೋದ ಅಣ್ಣನ ಮನೆ ಖಾಲಿ ಮಾಡುವಾಗ ಈ ಯಂತ್ರ ಸಿಕ್ಕಿತಂತೆ. ಎರಕದ ಮೈ, ಹಿತ್ತಾಳೆಯ ಟ್ಯಾಂಕು, ಎಲ್ಲೂ ಕಾಣಸಿಗದ ಮಾಲು. ಅವನು ಬಿಟ್ಟ ಬಾಯಿ ಬಿಟ್ಟಂತೆ ನೋಡಿದ್ದ. ರಿಪೇರಿ ಮುಗಿಯುವವರೆಗೂ ಟೀಚರ್ ಸ್ಟೂಲಿನ ಮೇಲೆ ಕೂತು ಮಾತಾಡಿದರು. ಚಹಾ ತಾವೇ ಮಾಡಿದರು. ಅವರು ಹೋದ ಮೇಲೆ ಶೆಡ್ಡು ಬಿಕೋ ಎಂದಿತು. ಮತ್ತೊಮ್ಮೆ ಕೆಟ್ಟು ಬಂದಾಗ ಅವನ ಕೈ ತಾನಾಗಿಯೇ ಸ್ಕ್ರೂಡ್ರೈವರಿಗೆ ಹೋಯಿತು.

“ಹುಲ್ಲು ಬಹಳ ಬೆಳೆದಿದೆಯಾ ಟೀಚರ್?” ಎಂದು ಅವನು ಕೇಳುತ್ತಿದ್ದ.

“ಅದಕ್ಕೇನು ಕೆಲಸ, ಬೆಳೀತಾನೇ ಇರುತ್ತೆ,” ಎಂದು ಅವರು ಬೇರೆ ಕಡೆ ನೋಡುತ್ತಿದ್ದರು.

ಬೇರೆಯವರ ಯಂತ್ರ ಮಗುಚಿದರೆ ಒಣಗಿದ ಹುಲ್ಲಿನ ಹೆಪ್ಪು ಉದುರುತ್ತದೆ. ಟೀಚರದ್ದು ಉಜ್ಜಿಟ್ಟ ಪಾತ್ರೆಯಂತಿರುತ್ತಿತ್ತು. ಎಂಥ ಅಚ್ಚುಕಟ್ಟಿನ ಹೆಂಗಸು ಎಂದು ಅವನು ಮೆಚ್ಚಿಕೊಂಡ. ಒಂದು ಸಲ ಅದೇ ಸ್ಕ್ರೂ ಸಡಿಲಿಸಿ ಬೇಸರವಾಗಿ, ಕವಚದೊಳಗಿನ ಪ್ಲಗ್ಗಿನ ವೈರನ್ನೇ ಕಳಚಿ ಕಳಿಸಿದ್ದ. ಎಷ್ಟು ಎಳೆದರೂ ಎಂಜಿನ್ ಗುಟುರು ಹಾಕುವಂತಿರಲಿಲ್ಲ. ಟೀಚರ್ ಬಂದು ಎಂದಿನ ಮಾತನ್ನೇ ಹೇಳಿದರು: “ಶುರುವಾಗುತ್ತೆ ಯಜಮಾನ್ರೇ, ಆಮೇಲೆ ನಿಂತುಹೋಗುತ್ತೆ.” ಅವನು ಮನಸ್ಸಿನಲ್ಲೇ ನಕ್ಕ. ಗಿರಾಕಿಯ ಮಾತನ್ನು ಯಾವ ಮೆಕ್ಯಾನಿಕ್ ತಾನೇ ಕಿವಿಗೆ ಹಾಕಿಕೊಳ್ಳುತ್ತಾನೆ?

ಊರಿಂದ ಬಂದ ತಂಗಿ ಸುಮ್ಮನಿರಲಿಲ್ಲ. “ಏನಣ್ಣಾ, ಕೈಚಳಕ ಹೋಯ್ತಾ ನಿಂಗೆ? ಒಂದೇ ಮೆಷಿನ್ನು ಎಷ್ಟು ಸಲ ರಿಪೇರಿ ಮಾಡ್ತೀಯ? ಪಾಪ, ಆ ಅಮ್ಮನ ಅಂಗೈ ನೋಡಿದ್ಯಾ?”

ನೋಡಿರಲಿಲ್ಲ. ಆ ದಿನ ಟೀಚರ್ ಲೋಟ ಚಾಚಿದಾಗ ನೋಡಿದ. ಎರಡೂ ಅಂಗೈಯಲ್ಲಿ ಬೊಬ್ಬೆ. ಕಬ್ಬಿಣದ ಆ ಭಾರವನ್ನು ಮೂರು ಬೀದಿ ತಳ್ಳಿಕೊಂಡು ಬರುತ್ತಿದ್ದ ಕೈಗಳು.

“ಇವತ್ತು ನಾನೇ ಮನೆಗೆ ತಲುಪಿಸ್ತೀನಿ, ಟೀಚರ್.”

“ಅಯ್ಯೋ ಬೇಡ, ಬೇಡ! ನಾನೇ ತಳ್ಕೊಂಡು ಹೋಗ್ತೀನಿ,” ಎಂದರು, ಪ್ರತಿ ಸಲದ ಹಾಗೆಯೇ. ಸ್ವಾಭಿಮಾನಿ ಎಂದುಕೊಂಡ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂದು ನಲ್ಲಿಯ ಸದ್ದಾದಾಗ ಅವನು ಅಲುಗಲಿಲ್ಲ. ಅದಕ್ಕೂ ಮುಂಚೆಯೇ ಎಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಸಂಗ್ರಹದ ಯಂತ್ರವೊಂದರಿಂದ ಹೊಸದರಂತಿದ್ದ ಭಾಗಗಳನ್ನು ಕಿತ್ತು ಕೂರಿಸಿದ್ದ. ಆಡಿದರೆ ಎದೆ ಒಡೆಯುವ ಮಾತನ್ನು ನಗುನಗುತ್ತಲೇ ಆಡಿದ.

“ಇನ್ನು ಇದಕ್ಕೆ ಸಾವಿಲ್ಲ ಬಿಡಿ. ನೀವು ಈ ಕಡೆ ಬರೋ ಕಷ್ಟಾನೇ ಇಲ್ಲ.”

ಟೀಚರ್ ಯಂತ್ರದ ಹಿಡಿಯ ಮೇಲೆ ಕೈಯಿಟ್ಟರು. “ಹೌದಾ? ಇನ್ನು ಕೆಡೋದೇ ಇಲ್ವಾ?”

“ಇಲ್ಲವೇ ಇಲ್ಲ.”

“ಒಳ್ಳೇದಾಯ್ತು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟರು.

ಮತ್ತೆ ಬರಲಿಲ್ಲ. ತಾನೇ ತೋಡಿದ ಗುಂಡಿ, ಯಾರನ್ನು ದೂರುವುದು? ಭಾನುವಾರಗಳು ಬಂದು ಹೋದವು. ಬೀದಿಯವರು ನೆಮ್ಮದಿಯಾಗಿ ನಿದ್ದೆ ಮಾಡಿದರು. ಅವನಿಗೆ ಹಗ್ಗ ಎಳೆಯುವ ಮನಸ್ಸಾಗಲಿಲ್ಲ. ಈಗ ಟೀಚರ್ ನಿಶ್ಚಿಂತೆಯಿಂದ ಹುಲ್ಲು ಕತ್ತರಿಸುತ್ತಿರಬೇಕು, ಒಂದೇ ಸಲಕ್ಕೆ, ಎಲ್ಲೂ ನಿಲ್ಲದೆ. ಹಾಗೆ ನೆನೆದು ಸಮಾಧಾನ ಪಡಲು ನೋಡಿದ. ಸಮಾಧಾನವಾಗಲಿಲ್ಲ. ಒಂಟಿತನ ಮೊದಲಿಗಿಂತ ಹೆಚ್ಚೇ ಕಾಡಿತು.

ಕಡೆಗೊಂದು ಸಂಜೆ ಒಗೆದ ಅಂಗಿ ತೊಟ್ಟು ಹೊರಟ. ನಿಜ ಹೇಳಿಬಿಡುವುದು. ಪ್ರತಿ ಸಲ ಕೆಡಿಸಿದ್ದು ನಾನೇ, ನಿಮ್ಮ ಕೈಗೆ ಬೊಬ್ಬೆ ತಂದವನೂ ನಾನೇ. ಬೈದರೆ ಬೈಸಿಕೊಳ್ಳುವುದು, ಬೈಗುಳವಾದರೂ ಒಂದು ಮಾತು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡ. ಮನೆ ವಿಚಾರಿಸಿ, ಗೇಟು ತಳ್ಳಿ ಒಳಗೆ ಕಾಲಿಟ್ಟ. ಜೋಡಿಸಿದ ಮಾತೆಲ್ಲ ಅಲ್ಲೇ ಉದುರಿಹೋಯಿತು.

ಗೇಟಿನಿಂದ ಹೊಸ್ತಿಲವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಎಷ್ಟೋ ವರ್ಷ ತುಳಿದು ಸವೆದ ಚಪ್ಪಡಿ ಕಲ್ಲು. ಒಂದು ಹುಲ್ಲುಕಡ್ಡಿ ಹುಟ್ಟಲೂ ಆ ಮನೆಯಲ್ಲಿ ಎಡೆಯಿರಲಿಲ್ಲ.