ಅಕ್ಕಿ ತೊಳೆದ ನೀರು

ಮಳೆ ನಿಂತು ಆ ವರ್ಷದ ಸೊಳ್ಳೆ ಏಳುವ ಮೊದಲ ಸಂಜೆ. ತವರಿನಲ್ಲಿ ಬಾಣಂತನ ಮುಗಿಸಿ ಅಂದೇ ಮಗುವಿನೊಂದಿಗೆ ತುಮಕೂರಿಗೆ ಬಂದಿದ್ದ ವನಮಾಲಾ, ದೀಪ ಹಚ್ಚುವ ಹೊತ್ತಿಗೆ ಎಲ್ಲರಂತೆ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಇಬ್ಬನಿಗಿಡ ನೋಡಲು ಹೋದಳು. ಹಿಂದೆ ಕೆರೆಯಂಚಿನ ಜೌಗಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡ ಅದು. ಈಗ ಅದಿಲ್ಲದ ಮನೆಯೇ ಇಲ್ಲ. ಎಲೆಯ ಅಂಟುಹನಿಗೆ ಸಿಕ್ಕ ಸೊಳ್ಳೆ ಮತ್ತೆ ಹಾರುವುದಿಲ್ಲ. ತಪ್ಪಿಸಿಕೊಂಡ ಸೊಳ್ಳೆ ಕಚ್ಚಿದರೆ, ಕಚ್ಚಿಸಿಕೊಂಡವರು ಮಲಗಿದಲ್ಲಿಂದ ಏಳುವುದಿಲ್ಲ.

ಗಿಡ ಸೊಂಪಾಗಿತ್ತು, ಮೈತುಂಬ ಗುಲಾಬಿ ಬಣ್ಣದ ಹೂ. ಎಲೆ ಮುಟ್ಟಿದಳು. ಬೆರಳಿಗೆ ಏನೂ ಅಂಟಲಿಲ್ಲ.

"ಅತ್ತೆ, ಇದಕ್ಕೇನಾದ್ರೂ ಹಾಕಿದ್ರಾ?"

ಅತ್ತೆ ಚೆಲುವಮ್ಮ ತೊಟ್ಟಿಲು ತೂಗುತ್ತಲೇ ನಕ್ಕರು. "ಬರೀ ನೀರಲ್ಲಿ ಸೊರಗಿತ್ತು ಕಣಮ್ಮ. ದಿನಾ ಅಕ್ಕಿ ತೊಳೆದ ನೀರು ಹಾಕ್ದೆ. ಹೆಂಗೆ ನಳನಳಿಸ್ತಾ ಇದೆ ನೋಡು!"

ವನಮಾಲಾ ಇನ್ನೊಂದು ಎಲೆ ಮುಟ್ಟಿದಳು; ಅದೂ ಒಣಗಿತ್ತು. ಹೊಟ್ಟೆ ತುಂಬಿದ ಗಿಡ ಬೇಟೆಯಾಡುವುದಿಲ್ಲ. ಅವಳು ನೋಡುತ್ತಿದ್ದಂತೆಯೇ ಕಿಟಕಿ ಜಾಲರಿಯ ತೂತಿನಿಂದ ನುಸುಳಿದ ಸೊಳ್ಳೆಯೊಂದು ಎಲೆಯ ಮೇಲೆ ಕೂತು, ಕಾಲು ಉಜ್ಜಿಕೊಂಡು, ಎದ್ದು ಒಳಗೆ ಹಾರಿತು. ಅವಳು ಓಡಿ ಮಗುವಿನ ಮೇಲೆ ಸೆರಗು ಹೊದಿಸಿ ಬಗ್ಗಿ ನಿಂತಳು.

"ಪಕ್ಕದ ಮನೆಯಿಂದ ಒಂದು ಕುಂಡ ಇಸ್ಕೊಂಡು ಬನ್ನಿ ಅತ್ತೆ, ಬೇಗ!"

ಚೆಲುವಮ್ಮ ಏಳಲಿಲ್ಲ.

"ಅವ್ರೂ ಅದನ್ನೇ ಹಾಕ್ತಾರೆ ಕಣೇ. ಹೂವು ಇಷ್ಟು ಚೆಂದ ಹೆಂಗೆ ಬಂತು ಅಂತ ಎಲ್ರೂ ಕೇಳಿದ್ರು. ಬೀದಿಗೆಲ್ಲಾ ನಾನೇ ಹೇಳ್ಕೊಟ್ಟೆ."

ಕಿಟಕಿಯಾಚೆ ಒಂದೊಂದೇ ಮನೆಯ ದೀಪ ಹತ್ತಿಕೊಳ್ಳುತ್ತಿತ್ತು. ಎಲ್ಲ ಕಿಟಕಿಗಳಲ್ಲೂ ಗುಲಾಬಿ ಬಣ್ಣದ ಹೂ ಮೈತುಂಬ ಅರಳಿತ್ತು.